ಕರತೆ ಕರಾಟೆಯಾದ ಕತೆ



ಕಾಗುಣಿತ ಕಣ್ಣಿಗೆ ಸೇರಿದ್ದು, ಬಾನುಲಿ ಕಿವಿಗೆ. ಹಾಗಾಗಿ ಇವತ್ತು ಕೆಲವು ಪದಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ. ಕೈಗೆ ಕಾಗದ, ಪೆನ್ಸಿಲ್ಲು ಸಿಕ್ಕವರು ಬರೆದುಕೊಳ್ಳಿ. ಸಿಗದವರು ಬಾಯಲ್ಲಿ ಹೇಳಿಕೊಳ್ಳಿ. ಈ ವಿಷಯಕ್ಕೆ ಅದೇ ಇನ್ನೂ ಒಳ್ಳೆಯದು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನು. ಸಂಧಿ, ಸಮಾಸ, ಛಂದಸ್ಸು ನನ್ನ ಕಸುಬು. ಗರಡಿಗಾಗಲಿ ಕರಾಟೆ ತರಗತಿಗಾಗಲಿ ಕಾಲಿಟ್ಟವನಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದವಳು ಮೊಮ್ಮಗಳು. ಹೋದ ಬೇಸಿಗೆ ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಬಂದಳು. ಬೆಲ್ಟ್ ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಜಪಾನಿ ಪದಗಳು, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ.

"ತಾತ, ಕೆ ಯು ಎಂ ಐ ಟಿ ಇ. ಇದನ್ನ ಕುಮೈಟ್ ಅಂತ ಓದ್ಬೇಕಾ, ಕುಮಿಟೆ ಅಂತಾನಾ?"

"ನಿಮ್ಮ ಮೇಷ್ಟ್ರು ಏನಂತಾರೆ?"

"ಸರ್ ಒಂದ್ ಥರ ಅಂತಾರೆ. ಸೀನಿಯರ್ ಅಕ್ಕ ಇನ್ನೊಂದ್ ಥರ ಅಂತಾರೆ."

ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದೇ ವಿದ್ಯೆಯ ಹೆಸರನ್ನು ಮಗು ಮೂರು ಬಗೆಯಲ್ಲಿ ಬರೆದುಕೊಂಡಿತ್ತು. ಜೆ ಯು ಜೆ ಯು ಟಿ ಎಸ್ ಯು ಒಂದು. ಜೆ ಯು, ಅಡ್ಡಗೆರೆ, ಜೆ ಐ ಟಿ ಎಸ್ ಯು ಇನ್ನೊಂದು. ಜೆ ಐ ಯು, ಅಡ್ಡಗೆರೆ, ಜೆ ಐ ಟಿ ಎಸ್ ಯು ಮತ್ತೊಂದು. ಯಾವುದು ಸರಿ ಅನ್ನುವುದು ಅವಳ ಪ್ರಶ್ನೆ. ಮೊದಲನೆಯದು ಸರಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಉಳಿದೆರಡು ಹುಟ್ಟಿದ್ದಾದರೂ ಹೇಗೆ ಅಂತ ಹುಡುಕಲು ಹೋದವನು ಎರಡು ತಿಂಗಳು ಹೊರಗೆ ಬರಲಿಲ್ಲ.

ಜಪಾನಿ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಇಂದಿನ ಕ್ರಮಕ್ಕೆ ಹೆಪ್‌ಬರ್ನ್ ಕ್ರಮ ಎಂದು ಹೆಸರು. ಜೇಮ್ಸ್ ಕರ್ಟಿಸ್ ಹೆಪ್‌ಬರ್ನ್ ಅಮೆರಿಕದ ವೈದ್ಯ, ಮಿಷನರಿ. 1859ರಲ್ಲಿ ಜಪಾನಿಗೆ ಬಂದರು, 1867ರಲ್ಲಿ ಜಪಾನಿ-ಇಂಗ್ಲಿಷ್ ನಿಘಂಟು ಹೊರತಂದರು. ನಮಗೆ 1894ರ ಕಿಟೆಲ್ ನಿಘಂಟು ಹೇಗೋ, ಅವರಿಗೆ ಅದು ಹಾಗೆ. 1886ರ ಮೂರನೆಯ ಮುದ್ರಣದಲ್ಲಿ ನೆಲೆಗೊಂಡ ಕಾಗುಣಿತವೇ ಇವತ್ತು ಜಗತ್ತೆಲ್ಲ ಬಳಸುವುದು. ಅದರ ಸೂತ್ರ ಸರಳ: ವ್ಯಂಜನಗಳನ್ನು ಇಂಗ್ಲಿಷಿನಂತೆ ಓದಿ, ಸ್ವರಗಳನ್ನು ಇಟಾಲಿಯನ್ನಿನಂತೆ ಓದಿ. ಇಂಗ್ಲಿಷ್ ಓದುಗ ಮೊದಲರ್ಧ ಪಾಲಿಸಿ ಎರಡನೆಯರ್ಧ ಮರೆತ. ಕುಮಿತೆ ಕುಮೈಟ್ ಆದದ್ದು ಅಲ್ಲಿಯೇ. ಜಪಾನ್ ಸರ್ಕಾರ 1937ರಲ್ಲಿ ತನ್ನದೇ ಬೇರೊಂದು ಕ್ರಮ ಹೊರಡಿಸಿತು, 1954ರಲ್ಲಿ ಅದನ್ನು ತಿದ್ದಿತು. ಅದರ ಪ್ರಕಾರ ಜುಜುತ್ಸುವನ್ನು ಝಡ್ ವೈ ಯು, ಝಡ್ ವೈ ಯು, ಟಿ ಯು ಎಂದು ಬರೆಯಬೇಕಿತ್ತು. ಜಪಾನಿನ ಶಾಲಾಮಕ್ಕಳು ಅದನ್ನೇ ಕಲಿತರು, ಹೊರಗಿನವರು ಹೆಚ್ಚಾಗಿ ಮುಟ್ಟಲಿಲ್ಲ.

ಈಗ ಮಗುವಿನ ಮೂರನೆಯ ಕಾಗುಣಿತಕ್ಕೆ ಬರೋಣ, ಜಿಯು-ಜಿಟ್ಸು. ಮೂಲದಲ್ಲಿ ಅದು ‘ಜೂಜುತ್ಸು’. ಜೂ ಅಂದರೆ ಬಳುಕುವ ಗುಣ, ಜುತ್ಸು ಅಂದರೆ ವಿದ್ಯೆ. ಜಪಾನಿಗರು ತಮ್ಮ ಹಳೆಯ ಕಾಗುಣಿತದಲ್ಲಿ ಈ ‘ಜೂ’ವನ್ನು ‘ಜಿ’ ಮತ್ತು ‘ಉ’ ಎಂದು ಎರಡಕ್ಷರ ಮಾಡಿ ಬರೆಯುತ್ತಿದ್ದರು, ಓದುವಾಗ ಜೂ ಎಂದೇ ಓದುತ್ತಿದ್ದರು. ಬರೆದದ್ದನ್ನು ಅಕ್ಷರ ಬಿಡದೆ ನಕಲು ಮಾಡಿದರೆ ಸಿಗುವುದು ಜಿಯು. ಇನ್ನು ತೋಕ್ಯೋದ ಹಳೆಯ ಮಂದಿಯ ಬಾಯಲ್ಲಿ ‘ಜು’ ಅನ್ನುವುದು ‘ಜಿ’ ಕಡೆಗೆ ವಾಲುತ್ತದೆ. ಶಿಂಜುಕು ಬಡಾವಣೆಯನ್ನು ಅವರು ಶಿಂಜಿಕು ಅನ್ನುತ್ತಾರೆ. ಹಾಗೆ ಕೇಳಿ ಬರೆದದ್ದು ಜಿತ್ಸು. ಒಟ್ಟಿನಲ್ಲಿ ಒಂದೇ ಪದದಲ್ಲಿ ಮೊದಲರ್ಧ ಕಣ್ಣಿನಿಂದ ಬಂತು, ಉಳಿದರ್ಧ ಕಿವಿಯಿಂದ ಬಂತು. ತಮಾಷೆ ಏನೆಂದರೆ ಜಪಾನಿಯಲ್ಲಿ ಜಿತ್ಸು ಅನ್ನುವ ಬೇರೆಯೇ ಪದ ಇದೆ, ಅದಕ್ಕೆ ನಿಜ, ಸತ್ಯ ಎಂದರ್ಥ.

ಈ ತಪ್ಪು ಕಾಗುಣಿತ ಯಾಕೆ ಸಾಯಲಿಲ್ಲ? ಅದು ಬೇಗ ಪ್ರಯಾಣ ಹೊರಟಿತ್ತು, ಅದಕ್ಕೆ. ಜಪಾನಿನಲ್ಲಿದ್ದ ಬಾರ್ಟನ್-ರೈಟ್ ಎಂಬ ಇಂಗ್ಲಿಷ್ ಎಂಜಿನಿಯರ್ 1898ರಲ್ಲಿ ಲಂಡನ್ನಿಗೆ ಮರಳಿ, ತನ್ನ ಹೆಸರನ್ನೂ ಜಿತ್ಸುವನ್ನೂ ಕಸಿ ಮಾಡಿ ‘ಬಾರ್ಟಿಟ್ಸು’ ಅನ್ನುವ ಆತ್ಮರಕ್ಷಣೆಯ ಪದ್ಧತಿ ಹುಟ್ಟುಹಾಕಿದ. ಐದಾರು ವರ್ಷದ ಮೇಲೆ ಕಾನನ್ ಡಾಯ್ಲ್ ತನ್ನ ಷೆರ್ಲಾಕ್ ಹೋಮ್ಸ್‌ನನ್ನು ಸಾವಿನಿಂದ ಎಬ್ಬಿಸಬೇಕಾಯಿತು. ಜಲಪಾತದ ಅಂಚಿನಲ್ಲಿ ಶತ್ರು ಮೊರಿಯಾರ್ಟಿಯ ಹಿಡಿತದಿಂದ ಹೋಮ್ಸ್ ಪಾರಾದದ್ದು ‘ಬಾರಿಟ್ಸು’ ಎಂಬ ಜಪಾನಿ ಕುಸ್ತಿಯಿಂದ ಎಂದು ಬರೆದ. ಒಂದು ಟಿ ಉದುರಿಹೋಗಿತ್ತು. ಜಪಾನಿನಲ್ಲಿ ಅಂಥ ಕುಸ್ತಿಯೇ ಇಲ್ಲ. ಪತ್ತೇದಾರನ ಪ್ರಾಣ ಉಳಿಸಿದ್ದು ಒಂದು ಕಾಗುಣಿತದ ತಪ್ಪು!

ಇನ್ನೊಂದು ಪ್ರಯಾಣ ಬ್ರೆಜಿಲಿಗೆ. 1882ರಲ್ಲಿ ಕನೋ ಜಿಗೊರೋ ಎಂಬ ಇಪ್ಪತ್ತೊಂದರ ತರುಣ ತೋಕ್ಯೋದ ಒಂದು ಬೌದ್ಧ ದೇವಾಲಯದಲ್ಲಿ, 12 ಚಾಪೆ ಹಾಸುವಷ್ಟು ಜಾಗದಲ್ಲಿ, ಹಳೆಯ ಜೂಜುತ್ಸುವನ್ನು ತಿದ್ದಿ ತೀಡಿ ಹೊಸ ಶಾಲೆ ಆರಂಭಿಸಿದರು. ‘ವಿದ್ಯೆ’ ಎಂಬರ್ಥದ ಜುತ್ಸು ತೆಗೆದು ‘ದಾರಿ’ ಎಂಬರ್ಥದ ದೋ ಸೇರಿಸಿದರು. ಅದು ಜೂದೋ, ನಾವು ಜೂಡೋ ಅನ್ನುತ್ತೇವೆ. ಆ ಶಾಲೆಯ ಮಯೆದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಕಾರ್ಲೋಸ್ ಗ್ರೇಸಿ ಎಂಬ ಹುಡುಗನಿಗೆ ಪಾಠ ಹೇಳಿದರು. ಹೊರದೇಶಗಳಲ್ಲಿ ಆಗ ಜೂಡೋಗೂ ಹಳೆಯ ಹೆಸರೇ ಓಡಾಡುತ್ತಿತ್ತು. ಹಾಗಾಗಿ ಕನೋ ಬಿಟ್ಟ ಹೆಸರು, ಹಳೆಯ ಕಾಗುಣಿತದ ಸಮೇತ, ಬ್ರೆಜಿಲಿನಲ್ಲಿ ನೆಲೆಯೂರಿತು. ಇವತ್ತು ಬ್ರೆಜಿಲಿಯನ್ ಜಿಯು-ಜಿಟ್ಸು ಎಂದರೆ ಆ ಕಾಗುಣಿತವೇ ಸರಿ. ಜಪಾನಿನ ಹಳೆಯ ವಿದ್ಯೆ ಎಂದರೆ ಜುಜುತ್ಸು ಸರಿ. ಮೊಮ್ಮಗಳಿಗೆ ಹಾಗೆಯೇ ಹೇಳಿದೆ.

ಭಾರತಕ್ಕೆ ಈ ಪದ ಬಂದ ಬಗೆ ಇನ್ನೂ ಚೆಂದ. ಜೂಡೋ ಕಲಿಸಲೆಂದು ರವೀಂದ್ರನಾಥ ಠಾಕೂರರು 1929ರಲ್ಲಿ ತಕಗಕಿ ಶಿಂಜೋ ಎಂಬ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡರು. ಬಂಗಾಳಿಗಳು ‘ಯ’ವನ್ನು ‘ಜ’ ಎಂದು ಉಚ್ಚರಿಸುವವರು. ಜುಜುತ್ಸು ಅನ್ನುವುದನ್ನು ಅವರು ‘ಯುಯುತ್ಸು’ ಎಂದು ಬರೆದದ್ದುಂಟು! ಯುದ್ಧ ಮಾಡಲು ಬಯಸುವವನು ಯುಯುತ್ಸು; ಧೃತರಾಷ್ಟ್ರನ ಮಗನಾಗಿ ಹುಟ್ಟಿ ಪಾಂಡವರ ಕಡೆ ನಿಂತವನ ಹೆಸರೂ ಅದೇ. ಶಬ್ದವೂ ಹೊಂದಿತು, ಅರ್ಥವೂ ಹೊಂದಿತು. ತಪ್ಪು ಮಾಡುವುದಾದರೆ ಹೀಗೆ ಮಾಡಬೇಕು.

ನಾವು ಕನ್ನಡಿಗರು ಏನು ಮಾಡಿದೆವು? ಇಂಗ್ಲಿಷ್ ಬಾಯಿಂದ ಕೇಳಿದ್ದನ್ನು ಹಾಗೇ ಬರೆದೆವು. ಕರಾಟೆ ಕಿಂಗ್ ಶಂಕರ್ ನಾಗ್ ಎಂದು ಆಟೋಗಳ ಬೆನ್ನ ಮೇಲೆ ಬರೆಸಿದವರ ನಾಡು ನಮ್ಮದು. ಆ ಹೆಸರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಜಪಾನಿನಲ್ಲಿ ಅದು ಕರತೆ. ಮೂರೂ ಅಕ್ಷರ ಹ್ರಸ್ವ. ತಕಾರ ನಮ್ಮ ತಂದೆ, ತಾಯಿಯ ತಕಾರ. ಇಂಗ್ಲಿಷಿನವನು ಪದದ ಒಂದು ಅಕ್ಷರವನ್ನು ಒತ್ತದೆ ಮಾತಾಡಲಾರ. ಎರಡನೆಯದನ್ನು ಒತ್ತಿದ, ‘ರ’ ‘ರಾ’ ಆಯಿತು. ಅವನ ಟಿ ನಮ್ಮ ಕಿವಿಗೆ ಯಾವತ್ತೂ ಟಕಾರವೇ. ಹೀಗೆ ಕರತೆ ಕರಾಟೆಯಾಯಿತು. ಜೂದೋ ಜೂಡೋ ಆದದ್ದು, ತೋಕ್ಯೋ ಟೋಕಿಯೋ ಆದದ್ದು ಇದೇ ದಾರಿಯಲ್ಲಿ. 2004ರ ಡಿಸೆಂಬರಿನ ಆ ಅಲೆಯನ್ನು ನಾವೆಲ್ಲ ಸುನಾಮಿ ಎಂದು ಬರೆದೆವು. ಅದು ತ್ಸುನಮಿ. ಇಂಗ್ಲಿಷಿನವನಿಗೆ ಪದದ ಮೊದಲಿಗೆ ‘ತ್ಸು’ ಬಾರದು, ಸರಿ. ಉತ್ಸವ, ಮತ್ಸರ, ವತ್ಸ ಎಂದು ದಿನಾ ಹೇಳುವ ನಮಗೆ ಏನಾಗಿತ್ತು?

ಬೆಂಗಳೂರನ್ನು ಬ್ಯಾಂಗಲೋರ್ ಮಾಡಿದ್ದಕ್ಕೆ ಸಂಕಟಪಟ್ಟು, 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದಿಸಿಕೊಂಡವರು ನಾವು. ಪಕ್ಕದವರ ಪದಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕಲ್ಲ.

ಇನ್ನು ಕರತೆಯ ಅರ್ಥ. ಯಾವ ನಿಘಂಟು ತೆರೆದರೂ ‘ಬರಿಗೈ’ ಎಂದಿರುತ್ತದೆ. ‘ಕರ’ ಅಂದರೆ ಬರಿದು, ‘ತೆ’ ಅಂದರೆ ಕೈ. ವಾದ್ಯಗಾರರಿಲ್ಲದೆ ಹಾಡುವ ಕರಾವೋಕೆ ಇದೆಯಲ್ಲ, ಅಲ್ಲಿಯ ‘ಕರ’ವೂ ಇದೇ, ಬರಿದಾದ ವಾದ್ಯವೃಂದ. ಆದರೆ ಈ ಬರಿಗೈ ತೀರ ಈಚಿನದು. ವಿದ್ಯೆ ಬೆಳೆದದ್ದು ಓಕಿನಾವಾ ದ್ವೀಪದಲ್ಲಿ. ಚೀನಾದ ತಾಂಗ್ ಮನೆತನವನ್ನು ಸೂಚಿಸುವ ಅಕ್ಷರವನ್ನೂ ಜಪಾನಿಯಲ್ಲಿ ‘ಕರ’ ಎಂದು ಓದುತ್ತಾರೆ. ಹಳೆಯ ಬರವಣಿಗೆಯಲ್ಲಿ ಇದ್ದದ್ದು ಆ ಅಕ್ಷರ. ಅಂದರೆ ಕರತೆ ‘ಚೀನಾ ಕೈ’. 1905ರಲ್ಲಿ ಹನಶಿರೊ ಚೋಮೊ ಎಂಬ ಗುರು ‘ಬರಿದು’ ಎಂಬ ಅಕ್ಷರ ಬಳಸಿದ್ದರು. ವಿದ್ಯೆಯನ್ನು 1922ರಲ್ಲಿ ತೋಕ್ಯೋಗೆ ಕೊಂಡೊಯ್ದ ಫುನಕೊಶಿ ಗಿಚಿನ್ ಅದನ್ನು ಪ್ರಚಾರಕ್ಕೆ ತಂದರು. 1936ರ ಅಕ್ಟೋಬರಿನಲ್ಲಿ ನಾಹಾ ನಗರದಲ್ಲಿ ಹಿರಿಯ ಗುರುಗಳು ಸಭೆ ಸೇರಿ ಬರಿಗೈಯನ್ನೇ ಒಪ್ಪಿದರು. ಹೆಸರು ಕೂಗಿದರೆ ಮೊದಲಿನದೇ ಸದ್ದು, ಬರೆದರೆ ಮಾತ್ರ ಚೀನಾ ಮಾಯ. ವರ್ಷವನ್ನು ಗಮನಿಸಿ. ಮರುವರ್ಷವೇ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕೆ ಇಳಿಯಿತು. ಅಂಥ ಕಾಲದಲ್ಲಿ ಚೀನಾ ಹೆಸರಿಟ್ಟುಕೊಂಡು ತೋಕ್ಯೋದಲ್ಲಿ ಶಿಷ್ಯರನ್ನು ಸೇರಿಸುವುದು ಕಷ್ಟವಿತ್ತು.

ಫುನಕೊಶಿ ಕೊಟ್ಟ ಕಾರಣ ಬೇರೆ. ‘ಬರಿದು’ ಎಂಬ ಅಕ್ಷರವನ್ನು ಬೌದ್ಧರು ‘ಕೂ’ ಎಂದು ಓದುತ್ತಾರೆ, ಸಂಸ್ಕೃತದ ‘ಶೂನ್ಯ’ಕ್ಕೆ ಅದೇ ಅನುವಾದ. ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಶೂನ್ಯವನ್ನು ಅವರು ನೆನೆದರು. ಜಪಾನಿನಲ್ಲಿ ಪಠಿಸುವ ಆ ಸೂತ್ರದ ಚೀನೀ ಅನುವಾದ ಪರಂಪರೆಯ ಪ್ರಕಾರ ಹ್ಯೂಯೆನ್ ತ್ಸಾಂಗನದು. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದ ಅದೇ ಯಾತ್ರಿಕ! ಅವನ ಹೆಸರನ್ನು ‘ತ್ಸಾಂಗ್’ ಎಂದು ನಮ್ಮ ಇತಿಹಾಸದ ಪುಸ್ತಕಗಳು ಎಂದಿನಿಂದಲೋ ಸರಾಗವಾಗಿ ಅಚ್ಚು ಹಾಕುತ್ತಿವೆ. ಇಂಗ್ಲಿಷಿನ ‘ಎಂಪ್ಟಿ ಹ್ಯಾಂಡ್’ ಎಂಬ ಎರಡು ಪದ ಈ ಯಾವುದನ್ನೂ ಹೇಳುವುದಿಲ್ಲ. ಅಲ್ಲಮನ ಶೂನ್ಯ ಗೊತ್ತಿರುವವರಿಗೆ ಒಂದು ಸುಳಿವಾದರೂ ಸಿಗುತ್ತದೆ.

ಈಗ ನನ್ನ ಕಸುಬಿನ ವಿಷಯ. ಮಗುವಿನ ಪಟ್ಟಿಯಲ್ಲಿ ‘ಗೆರಿ ಅಂದರೆ ಒದೆತ’ ಎಂದಿತ್ತು. ಮಯೆ-ಗೆರಿ, ಮುಂದಕ್ಕೆ ಒದೆಯುವುದು. ‘ಬರೈ’ ಅಂದರೆ ಗುಡಿಸುವಂತೆ ತಡೆಯುವುದು. ಗೆದಂ-ಬರೈ, ಕೆಳಮಟ್ಟದ ತಡೆ. ‘ದಚಿ’ ಅಂದರೆ ನಿಲುವು. ಕಿಬ-ದಚಿ, ಕುದುರೆ ಸವಾರನ ನಿಲುವು. ನಾನು ನಿಘಂಟಿನಲ್ಲಿ ಹುಡುಕಿದರೆ ಒದೆತಕ್ಕೆ ಇರುವ ಪದ ಕೆರಿ. ನಿಲುವಿಗೆ ತಚಿ. ಗುಡಿಸುವುದಕ್ಕೆ ಹರೈ. ಕೆರಿ ಗೆರಿ ಆಯಿತು, ತಚಿ ದಚಿ ಆಯಿತು, ಹರೈ ಬರೈ ಆಯಿತು. ಇದನ್ನು ಎಲ್ಲಿ ನೋಡಿದ್ದೇನೆ? ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಆದೇಶ ಸಂಧಿ! ಸಮಾಸದ ಎರಡನೆಯ ಪದದ ಮೊದಲಿಗೆ ಕ ತ ಪ ಬಂದರೆ ಗ ದ ಬ ಆಗುತ್ತದೆಂದು ಕೇಶಿರಾಜ 13ನೆಯ ಶತಮಾನದಲ್ಲೇ ಹೇಳಿ ಮುಗಿಸಿದ್ದ. ಜಪಾನಿಗರು ಇದನ್ನು ರೆಂದಕು ಅನ್ನುತ್ತಾರೆ.

ಕ ಗ ಆಗಲಿ, ತ ದ ಆಗಲಿ. ಹ ಯಾಕೆ ಬ ಆಗಬೇಕು? ಅಲ್ಲಿಯೂ ನಮ್ಮ ಮನೆಯ ಕತೆಯೇ. ಹಳಗನ್ನಡದ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಜಪಾನಿಯ ಹಕಾರವೂ ಒಂದು ಕಾಲಕ್ಕೆ ಪಕಾರವಾಗಿತ್ತು, ನಡುವೆ ಫಕಾರವಾಗಿತ್ತು. 1603ರಲ್ಲಿ ನಾಗಸಾಕಿಯಲ್ಲಿ ಜೆಸ್ಯೂಟ್ ಪಾದ್ರಿಗಳು ಅಚ್ಚು ಹಾಕಿಸಿದ ನಿಘಂಟಿನಲ್ಲಿ ಹೂವಿಗೆ ಹನ ಎಂದಿಲ್ಲ, ಫನ ಎಂದಿದೆ. ಇನ್ನೊಂದು ಸಾಕ್ಷಿ ಅವರ ವರ್ಣಮಾಲೆ. ಬೌದ್ಧರ ಮೂಲಕ ನಮ್ಮ ವರ್ಣಮಾಲೆಯ ಕ್ರಮವನ್ನೇ ಅನುಸರಿಸಿದ್ದು ಅದು: ಅ, ಕ, ಸ, ತ, ನ, ಹ, ಮ, ಯ, ರ, ವ. ನಕಾರ ಮತ್ತು ಮಕಾರದ ನಡುವೆ ಪವರ್ಗ ಇರಬೇಕಾದ ಜಾಗದಲ್ಲಿ ಹಕಾರ ಕೂತಿದೆ. ಬಾಡಿಗೆದಾರ ಬದಲಾದರೂ ಮನೆ ಸಂಖ್ಯೆ ಬದಲಾಗಿಲ್ಲ. ಪನಿ ಒಂಟಿಯಾಗಿದ್ದಾಗ ಹನಿಯಾಯಿತು, ಕಣ್ಣಿನ ಜೊತೆ ಸೇರಿದ್ದು ಕಂಬನಿಯಾಗಿ ಉಳಿಯಿತು. ಒಂಟಿ ಹರೈ, ಜಂಟಿ ಬರೈ ಕೂಡ ಹಾಗೆಯೇ. ಮೂವತ್ತು ವರ್ಷ ಕಂಬನಿಯನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಜಪಾನಿಗೂ ತಮಿಳಿಗೂ ನಂಟಿದೆ ಎಂದು ಓನೊ ಸುಸುಮು ಎಂಬ ವಿದ್ವಾಂಸರು ವಾದಿಸಿದ್ದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ನಾನೂ ನಂಟಸ್ತನ ಬೆಳೆಸಲು ಹೊರಟಿಲ್ಲ. ಮನುಷ್ಯನ ನಾಲಿಗೆಗೆ ಇರುವ ಸುಲಭದ ದಾರಿಗಳು ಕಡಿಮೆ, ಇಬ್ಬರೂ ಅದೇ ದಾರಿ ಹಿಡಿದಿದ್ದೇವೆ.

ಇಂಗ್ಲಿಷಿಗೆ ಆದೇಶ ಸಂಧಿ ಗೊತ್ತಿಲ್ಲ. ಅದಕ್ಕೇ ಜೋಡಿ ಪದವನ್ನು ಕತ್ತರಿಸಿ, ಬಾಲವನ್ನು ಹಾಗೇ ಎತ್ತಿಕೊಂಡು ಪದ ಮಾಡಿತು. ಮಳೆಗಾಲ ಕೇಳಿದ ಪರದೇಶಿಯೊಬ್ಬ ‘ನಿಮ್ಮ ಗಾಲ ಹೇಗಿದೆ’ ಅಂದ ಹಾಗೆ. ಜಗತ್ತಿನ ಕರಾಟೆ ಶಾಲೆಗಳೆಲ್ಲ ಸಮವಸ್ತ್ರಕ್ಕೆ ‘ಗಿ’ ಅನ್ನುತ್ತವೆ. ಜಪಾನಿನಲ್ಲಿ ಒಂಟಿ ‘ಗಿ’ ಅನ್ನುವ ಬಟ್ಟೆ ಇಲ್ಲ. ಅಭ್ಯಾಸದ ಉಡುಪು ಕೇಕೊಗಿ. ಅದರ ಗಿ, ಕಿಮೊನೊದ ಕಿ ಎರಡೂ ಒಂದೇ, ಉಡುವುದು ಎಂಬ ಮಾತು. ಗೆರಿಯ ಪಾಡು ಇನ್ನೂ ಕೆಟ್ಟದ್ದು. ಊಟದ ಹೊತ್ತಿನ ಕೇಳುಗರು ಕ್ಷಮಿಸಬೇಕು: ತೋಕ್ಯೋದಲ್ಲಿ ಬರೀ ‘ಗೆರಿ, ಗೆರಿ’ ಎಂದು ಕೂಗಿದರೆ ಯಾರೂ ಕಾಲೆತ್ತುವುದಿಲ್ಲ, ಔಷಧಿ ಅಂಗಡಿ ತೋರಿಸುತ್ತಾರೆ. ಒಂಟಿ ಗೆರಿ ಅಂದರೆ ಭೇದಿ.

ದೀರ್ಘ, ಹ್ರಸ್ವದಲ್ಲೂ ಹೀಗೇ ಆಗುತ್ತದೆ. ಅಭ್ಯಾಸದ ಮನೆ ದೋಜೋ. ‘ಬೋಧಿಮಂಡ’ ಎಂಬ ಸಂಸ್ಕೃತ ಪದದ ಅನುವಾದವಾಗಿ ಹುಟ್ಟಿ, ಬುದ್ಧನಿಗೆ ಅರಿವು ಮೂಡಿದ ನೆಲ ಎಂಬರ್ಥದಿಂದ ಹೊರಟು, ಗರಡಿ ಮನೆಯವರೆಗೆ ಬಂದ ಪದ. ಮೊದಲಕ್ಷರ ಹ್ರಸ್ವ ಮಾಡಿ ದೊಜೋ ಅಂದರೆ ಕೆಸರಿನಲ್ಲಿ ಬದುಕುವ ಒಂದು ಮೀನು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಡಿ ಒ ಜೆ ಒ. ಕೊಡು, ಕೋಡು ಎಂದು ಬೇರೆ ಮಾಡಿ ಬರೆಯುವ ಲಿಪಿ ನಮ್ಮದು. ಎ, ಏ, ಒ, ಓ ನಾಲ್ಕೂ ನಮಗುಂಟು, ಜಪಾನಿಗೂ ಉಂಟು. ಹಿಂದಿಯವರಿಗೆ ಈ ಅನುಕೂಲ ಇಲ್ಲ. ಹಿರಿಯ ವಿದ್ಯಾರ್ಥಿಯನ್ನು ಸೆಂಪೈ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅಲ್ಲಿ ಎನ್ ಬರೆಯಬೇಕೋ ಎಂ ಬರೆಯಬೇಕೋ ಎಂಬ ಜಗಳ ನೂರು ವರ್ಷದಿಂದ ಇದೆ. ನಾವು ಒಂದು ಸೊನ್ನೆ ಇಡುತ್ತೇವೆ. ಸಂತೆಯಲ್ಲಿ ಅದು ನ್, ಸಂಪಿಗೆಯಲ್ಲಿ ಮ್, ಮುಂದಿನ ಅಕ್ಷರ ನೋಡಿ ತಾನೇ ಹೊಂದಿಕೊಳ್ಳುತ್ತದೆ. ಜಪಾನಿಯ ಆ ಅಕ್ಷರದ ಸ್ವಭಾವವೂ ಅದೇ. ಲೆಕ್ಕವೂ ಒಂದೇ: ಕರತೆ ಮೂರು ಲಘು, ಮೂರು ಮಾತ್ರೆ. ಪೂರ್ಣ ಅಂಕಕ್ಕೆ ಜೂಡೋದಲ್ಲಿ ಇಪ್ಪೊನ್ ಎನ್ನುತ್ತಾರೆ. ಪ್ರಸ್ತಾರ ಹಾಕಿ ನೋಡಿ, ಎರಡು ಗುರು, ನಾಲ್ಕು ಮಾತ್ರೆ. ಜಪಾನಿನ ಮಗು ಬೆರಳೆಣಿಸಿದರೂ ನಾಲ್ಕೇ ಬರುತ್ತದೆ.

ಗುರುವಿಗೆ ಸೆನ್ಸೇ ಎನ್ನುತ್ತಾರೆ. ಅಕ್ಷರಾರ್ಥ ‘ಮೊದಲು ಹುಟ್ಟಿದವರು’. ಇಂಗ್ಲಿಷ್ ಇದನ್ನು ಮಾಸ್ಟರ್ ಎಂದು ಮಾಡಿ, ಹೆಸರಿನ ಮುಂದೆ ಅಂಟಿಸಿತು. ಜಪಾನಿನಲ್ಲಿ ಅದು ಹೆಸರಿನ ಹಿಂದೆ ಬರುತ್ತದೆ, ನಾವು ರಾಮಯ್ಯ ಮೇಷ್ಟ್ರು, ಶಾಮಣ್ಣ ವಸ್ತಾದಿ ಅನ್ನುವಂತೆ. ಡಾಕ್ಟರಿಗೂ ವಕೀಲರಿಗೂ ಸೆನ್ಸೇ ಅನ್ನುತ್ತಾರೆ. ತನ್ನನ್ನು ತಾನೇ ಸೆನ್ಸೇ ಎಂದುಕೊಂಡರೆ ನಗುತ್ತಾರೆ. ಭೇಟಿಚೀಟಿಯ ಮೇಲೆ ಹಾಗೆ ಅಚ್ಚು ಹಾಕಿಸಿಕೊಂಡವರು ನಮ್ಮಲ್ಲಿ ಇದ್ದಾರೆ, ಇರಲಿ. ಕಪ್ಪು ಪಟ್ಟಿಯ ಮೊದಲ ಹಂತ ಶೊದನ್ ಅಂದರೆ ‘ಆರಂಭದ ಮೆಟ್ಟಿಲು’. ನಾವು ಅಲ್ಲಿಗೆ ವಿದ್ಯೆ ಮುಗಿಯಿತು ಎಂದು ಹಾರ ಹಾಕುತ್ತೇವೆ.

ಕನ್ನಡ ಲಿಪಿಗೆ ಎಲ್ಲವೂ ಎಟಕುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಜೂಡೋದ ಪಟ್ಟುಗಳಿಗೆ ವಝ ಎನ್ನುತ್ತಾರೆ, ಆ ಧ್ವನಿಗೆ ನಮ್ಮಲ್ಲಿ ಸರಿಯಾದ ಅಕ್ಷರ ಇಲ್ಲ; ಜ ಬರೆದರೂ ತಪ್ಪು, ಝ ಬರೆದರೂ ತಪ್ಪು. ಹೊಡೆತ ಎಂಬರ್ಥದ ತ್ಸುಕಿ ಸಮಾಸದಲ್ಲಿ ಝುಕಿಯಾದಾಗಲೂ ಅದೇ ಕಷ್ಟ. ‘ಒಸು’ ಎಂಬ ವಂದನೆಯ ಕೊನೆಯ ಉಕಾರ ಬಾಯಲ್ಲಿ ಮುಕ್ಕಾಲು ಸತ್ತು ‘ಒಸ್’ ಎಂದೇ ಕೇಳುತ್ತದೆ, ಮಾಡುತ್ತೇನೆ ಅನ್ನುವುದು ಮಾಡ್ತೇನೆ ಆಗುವಂತೆ. ಇವನ್ನೆಲ್ಲ ಗುರುವಿನ ಬಾಯಿಂದಲೇ ಕೇಳಬೇಕು.

ಮೊಮ್ಮಗಳ ನೋಟುಬುಕ್ಕನ್ನು ಇಬ್ಬರೂ ಕೂತು ಕನ್ನಡದಲ್ಲಿ ಬರೆದೆವು. ಕೆರಿಯ ಎದುರಿಗೆ ‘ಮಯೆ-ಗೆರಿ, ಆದೇಶ ಸಂಧಿ’ ಎಂದು ಅವಳೇ ಬರೆದಳು. ಪರೀಕ್ಷೆಯೂ ಆಯಿತು, ಹಳದಿ ಪಟ್ಟಿ ಬಂತು.

ಕರಾಟೆ ಕಲಿಸುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಒಂದು ಕೋರಿಕೆ. ಮಕ್ಕಳಿಗೆ ಪದಗಳ ಪಟ್ಟಿ ಕೊಡುವಾಗ ಇಂಗ್ಲಿಷಿನ ಪಕ್ಕದಲ್ಲೇ ಕನ್ನಡದಲ್ಲೂ ಬರೆದುಕೊಡಿ. ಕರಾಟೆ, ಜೂಡೋ ರೂಢಿಗೆ ಬಿದ್ದಾಗಿದೆ, ಅವು ಹಾಗೇ ಇರಲಿ. ಕುಮಿತೆಯನ್ನಾದರೂ ಕುಮೈಟ್ ಆಗಲು ಬಿಡಬೇಡಿ.